ಗುಳಿಗೆಗೆ ಬದಲು ಪ್ಯಾಚು: ಚರ್ಮದ ಮೂಲಕ ಔಷಧಪ್ರಯೋಗವನ್ನು ಕುರಿತ ಒಂದು ವಿಮರ್ಶೆ

೧

ಔಷಧವನ್ನು ಗುಳಿಗೆಯ ರೂಪದಲ್ಲಿ ನುಂಗುವುದಕ್ಕೆ ಬದಲಾಗಿ ಅಂಟುಹಾಳೆಯೊಂದರಲ್ಲಿ ಅಡಗಿಸಿ ಮೈಮೇಲೆ ಅಂಟಿಸಿಕೊಳ್ಳುವ ಪದ್ಧತಿ ಈಗ ತೀರ ಹೊಸದೇನೂ ಅಲ್ಲ. ದೇಹದ ಒಳಗೆಲ್ಲ ಹರಡಬೇಕಾದ ಔಷಧವನ್ನು ಹೀಗೆ ಒದಗಿಸುವ ಮೊದಲನೆಯ ಪ್ಯಾಚಿಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೭೯ರಲ್ಲಿ ಅನುಮತಿ ದೊರೆಯಿತು. ಅಲ್ಲಿಂದೀಚೆಗೆ ಎದೆನೋವು, ರಕ್ತದ ಒತ್ತಡ, ತಂಬಾಕಿನ ಚಟ, ಮುಟ್ಟು ನಿಂತ ಮೇಲಿನ ತೊಂದರೆಗಳು, ತೀವ್ರವಾದ ನೋವು, ವೃದ್ಧಾಪ್ಯದ ಮರೆವು ಮೊದಲಾದವುಗಳಿಗೆ ಒಂದಾದಮೇಲೊಂದರಂತೆ ಪ್ಯಾಚುಗಳು ಬಂದವು. ಅವುಗಳನ್ನು ಕುರಿತ ಬರವಣಿಗೆಯೂ ಅದೇ ಪ್ರಮಾಣದಲ್ಲಿ ಬೆಳೆಯಿತು.

ಈ ಬರವಣಿಗೆಯಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಗುಳಿಗೆಯಿಂದ ರಕ್ತದಲ್ಲಿನ ಔಷಧದ ಪ್ರಮಾಣ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಪ್ಯಾಚಿನಿಂದಾದರೋ ಅದು ಸದಾ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ ಎಂಬುದು ಮೊದಲನೆಯದು. ಔಷಧವು ಜಠರವನ್ನೂ ಯಕೃತ್ತನ್ನೂ ಹಾಯದೆ ನೇರವಾಗಿ ರಕ್ತವನ್ನು ಸೇರುವುದರಿಂದ ಸ್ವಲ್ಪವೇ ಸಾಕಾಗುತ್ತದೆ, ಕೆಡುಕೂ ಕಡಮೆಯಾಗುತ್ತದೆ ಎಂಬುದು ಎರಡನೆಯದು. ಪ್ಯಾಚು ಹೊರಮೈಯ ಮೇಲಿರುವ ವಸ್ತು, ಬೇಡವೆಂದಾಗ ಕಿತ್ತುಹಾಕಬಹುದು, ಆದುದರಿಂದ ಅದು ಸೌಮ್ಯವಾದ ಚಿಕಿತ್ಸೆ ಎಂಬುದು ಮೂರನೆಯದು. ಈ ಮೂರರಲ್ಲಿಯೂ ಸತ್ಯಾಂಶವುಂಟು. ಆದರೆ ಮೂರರಲ್ಲಿ ಯಾವುದೊಂದನ್ನೂ ಸಾಮಾನ್ಯ ನಿಯಮವೆಂದು ಒಪ್ಪುವಂತಿಲ್ಲ. ಪ್ರತಿಯೊಂದನ್ನೂ ನಿಜವಾದ ನಿದರ್ಶನಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ‘ಪ್ಯಾಚು’ ಎಂಬ ಆಡುಮಾತಿನ ರೂಪವನ್ನೇ ಇಲ್ಲಿ ಬಳಸಲಾಗಿದೆ. ಅದರ ಕಾರಣ ಮುಂದೆ ತಿಳಿಯುತ್ತದೆ.

೨

ಮೊದಲು ಚರ್ಮದ ವಿಷಯ. ಚರ್ಮದ ಮುಖ್ಯವಾದ ಕೆಲಸ ಹೊರಗಿನದನ್ನು ಹೊರಗೆ, ಒಳಗಿನದನ್ನು ಒಳಗೆ ಇರಿಸುವುದು. ಈ ತಡೆಯೆಲ್ಲವೂ ಬಹುಮಟ್ಟಿಗೆ ಅದರ ಅತ್ಯಂತ ಹೊರಪದರದಲ್ಲಿಯೇ ಇದೆ. ದೇಹದ ಬಹುಭಾಗಗಳಲ್ಲಿ ಅದರ ದಪ್ಪ ೧೦ರಿಂದ ೨೦ ಮೈಕ್ರೊಮೀಟರುಗಳಷ್ಟು ಮಾತ್ರ. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳಂತೆಯೂ ಅವುಗಳ ನಡುವಣ ಜಿಡ್ಡು ಗಾರೆಯಂತೆಯೂ ಸೇರಿ ಆದ ಗೋಡೆ ಇದು. ಔಷಧದ ಅಣು ಈ ಗಾರೆಯ ಸಂದಿನಲ್ಲಿ ನುಸುಳಿ ಹೋಗಬೇಕು. ಅದು ಜಿಡ್ಡಿನಲ್ಲಿ ಕರಗಬಲ್ಲದ್ದಾಗಿರಬೇಕು. ಆದರೆ ಅದರಲ್ಲಿಯೇ ಸಿಕ್ಕಿ ಉಳಿಯುವಷ್ಟು ಜಿಡ್ಡಿನ ಸ್ವಭಾವದ್ದಾಗಿರಬಾರದು. ಗಾತ್ರವೂ ಚಿಕ್ಕದಾಗಿರಬೇಕು. ಅಣುತೂಕ ೫೦೦ನ್ನು ಮೀರಿದರೆ ವಸ್ತುಗಳು ಚರ್ಮವನ್ನು ದಾಟುವುದು ಕಷ್ಟವೆಂದು ಬಾಸ್ ಮತ್ತು ಮೈನಾರ್ಡಿ ಎಂಬುವರು ೨೦೦೦ದಲ್ಲಿ ಸೂತ್ರರೂಪವಾಗಿ ಹೇಳಿದರು. ನಿಕೋಟಿನ್ನಿನ ಅಣುತೂಕ ೧೬೨, ನೈಟ್ರೋಗ್ಲಿಸರಿನ್ನಿನದು ೨೨೭, ಫೆಂಟನಿಲ್ಲಿನದು ೩೩೬. ಯಶಸ್ವಿಯಾದ ಪ್ಯಾಚುಗಳ ಔಷಧಗಳೆಲ್ಲ ಈ ಮಿತಿಯೊಳಗಿನವೇ. ಸುಮಾರು ೫,೮೦೦ ಅಣುತೂಕದ ಇನ್ಸುಲಿನ್ ಸಾಮಾನ್ಯ ಪ್ಯಾಚಿನಿಂದ ಒಳಹೋಗುವ ಸಂಭವವೇ ಇಲ್ಲ.

ಗಾತ್ರ ಚಿಕ್ಕದಾದ ಮಾತ್ರಕ್ಕೆ ಕಾರ್ಯ ಸಿದ್ಧಿಸುವುದೂ ಇಲ್ಲ. ಪ್ಯಾರಾಸಿಟಮಾಲಿನ ಅಣು ನಿಕೋಟಿನ್ನಿನದಕ್ಕಿಂತಲೂ ಹಗುರ. ಆದರೆ ಜ್ವರಕ್ಕೆ ಅದು ಒಂದು ಸಲಕ್ಕೆ ೫೦೦ ಮಿಲಿಗ್ರಾಂ ಬೇಕು. ಮಿತವಾದ ಅಳತೆಯ ಪ್ಯಾಚಿನಿಂದ ದಿನವೊಂದಕ್ಕೆ ಒಳಸೇರಬಲ್ಲದ್ದು ಕೆಲವು ಮಿಲಿಗ್ರಾಂ, ಹೆಚ್ಚೆಂದರೆ ಕೆಲವು ಹತ್ತು ಮಿಲಿಗ್ರಾಂ. ಸಕ್ಕರೆ ಕಾಯಿಲೆಯವರು ದಿನವೂ ನುಂಗುವ ಮೆಟ್‌ಫಾರ್ಮಿನ್ನಿನ ಗತಿಯೂ ಇದೇ. ಹೀಗಿರಲಾಗಿ ‘ಗುಳಿಗೆಗೆ ಬದಲು ಪ್ಯಾಚು’ ಎಂಬ ಮಾತು ಆರಂಭದಲ್ಲಿಯೇ ಸೀಮಿತವಾಗಿಬಿಡುತ್ತದೆ. ಅತ್ಯಲ್ಪ ಪ್ರಮಾಣದಲ್ಲಿಯೇ ಬಲವಾಗಿ ವರ್ತಿಸುವ ಔಷಧಗಳಿಗೆ ಮಾತ್ರ ಈ ಬಾಗಿಲು ತೆರೆದಿದೆ. ಪ್ಯಾಚಿನಲ್ಲಿರುವುದು ಪ್ರಬಲ ಔಷಧವೇ ಹೊರತು ಸೌಮ್ಯ ಔಷಧವಲ್ಲ ಎಂಬುದು ಇದರಿಂದ ಸಹಜವಾಗಿ ಸಿದ್ಧವಾಗುತ್ತದೆ. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು.

ನಮ್ಮ ಪ್ರಾಚೀನರು ಇದನ್ನೆಲ್ಲ ಬಲ್ಲವರಾಗಿದ್ದರೆಂದು ಹೇಳುವವರಿದ್ದಾರೆ. ಸುಶ್ರುತಸಂಹಿತೆಯಲ್ಲಿ ಪ್ರಲೇಪ, ಪ್ರದೇಹ, ಆಲೇಪ ಎಂಬ ಭೇದಗಳನ್ನು ಹೇಳಿರುವುದು ನಿಜ. ಲೇಪನವು ಅಲ್ಲಿ ಒಂದು ಶಾಸ್ತ್ರೀಯ ಕ್ರಮ. ಆದರೆ ಬಾವು, ವ್ರಣ ಮುಂತಾದವುಗಳಿಗೆ ಅವು ಇದ್ದೆಡೆಯಲ್ಲಿಯೇ ಮದ್ದು ಹಚ್ಚುವುದು ಬೇರೆ, ಕಿವಿಯ ಹಿಂದೆ ಅಂಟಿಸಿ ಮಿದುಳಿನ ಮೇಲೆ ಪರಿಣಾಮ ಬಯಸುವುದು ಬೇರೆ. ಪ್ಯಾಚಿನ ವೈಶಿಷ್ಟ್ಯವಿರುವುದು ಗಂಟೆಗೆ ಇಷ್ಟೇ ಎಂದು ಅಳೆದು ಬಿಡುವುದರಲ್ಲಿ. ಈ ಅಳತೆಯ ಕಲ್ಪನೆ ಆಡಾಲ್ಫ್ ಫಿಕ್ ೧೮೫೫ರಲ್ಲಿ ನಿರೂಪಿಸಿದ ವಿಸರಣ ನಿಯಮದಿಂದ ಬಂದದ್ದು. ಹೋಲಿಕೆಯಿಂದ ಪ್ರಾಚೀನರ ಗೌರವವೇನೂ ಹೆಚ್ಚುವುದಿಲ್ಲ. ವಿಷಯ ಮಾತ್ರ ಮಸುಕಾಗುತ್ತದೆ.

೩

ಈಗ ಮೊದಲನೆಯ ಮಾತನ್ನು ತೆಗೆದುಕೊಳ್ಳೋಣ. ಔಷಧದ ಪ್ರಮಾಣ ರಕ್ತದಲ್ಲಿ ಏರಿಳಿತವಿಲ್ಲದೆ ನಿಲ್ಲುವುದು ಒಳ್ಳೆಯದೇ? ಇದಕ್ಕೆ ನೈಟ್ರೋಗ್ಲಿಸರಿನ್ನಿನ ಕಥೆಗಿಂತ ಬೋಧಪ್ರದವಾದ ಉತ್ತರ ಬೇರೊಂದಿಲ್ಲ.

೧೮೪೭ರಲ್ಲಿ ಸೊಬ್ರೇರೊ ಎಂಬ ಇಟಲಿಯ ರಸಾಯನಶಾಸ್ತ್ರಜ್ಞ ತಯಾರಿಸಿದ ಈ ಸ್ಫೋಟಕವಸ್ತುವನ್ನು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ೧೮೭೯ರಲ್ಲಿ ಹೃದಯದ ನೋವಿಗೆ ಮದ್ದೆಂದು ವರದಿಮಾಡಿದನು. ನುಂಗಿದರೆ ಯಕೃತ್ತು ಅದರ ಬಹುಭಾಗವನ್ನು ಕೆಡಿಸುವುದರಿಂದ ನಾಲಗೆಯ ಕೆಳಗೆ ಇಟ್ಟುಕೊಳ್ಳುವ ರೂಢಿ ಬಂದಿತು. ನೋವು ಬಂದಾಗ ಇಟ್ಟುಕೊಂಡರೆ ಕೆಲವು ನಿಮಿಷಗಳಲ್ಲಿ ಉಪಶಮನ. ಪರಿಣಾಮವೂ ಬೇಗ ಮುಗಿಯುತ್ತದೆ. ಇಷ್ಟು ಅಲ್ಪಾಯುವಾದ ಔಷಧವನ್ನು ದಿನವಿಡೀ ಒದಗಿಸಿದರೆ ನೋವು ಬರುವುದನ್ನೇ ತಡೆಯಬಹುದಲ್ಲವೆ ಎಂಬ ತರ್ಕದಿಂದ ೧೯೮೦ರ ದಶಕದ ಆರಂಭದಲ್ಲಿ ಇಪ್ಪತ್ನಾಲ್ಕು ಗಂಟೆಗಳ ಪ್ಯಾಚುಗಳು ಬಂದವು. ರಕ್ತದಲ್ಲಿ ಔಷಧದ ಮಟ್ಟ ನಿರೀಕ್ಷೆಯಂತೆ ಸ್ಥಿರವಾಗಿಯೇ ಇದ್ದಿತು. ಆದರೆ ಗುಣ ಉಳಿಯಲಿಲ್ಲ. ಎಡೆಬಿಡದೆ ಅಂಟಿಸಿಕೊಂಡವರಲ್ಲಿ ಒಂದು ದಿನ ಕಳೆಯುವುದರೊಳಗಾಗಿಯೇ ರಕ್ತನಾಳಗಳು ಔಷಧಕ್ಕೆ ಒಗ್ಗಿಹೋಗಿ ಪ್ರತಿಕ್ರಿಯೆ ತೋರುವುದನ್ನು ನಿಲ್ಲಿಸುತ್ತವೆಂದು ಪರೀಕ್ಷೆಗಳಿಂದ ಗೊತ್ತಾಯಿತು. ಈಗಿನ ವಿಧಿಯೆಂದರೆ ಹನ್ನೆರಡರಿಂದ ಹದಿನಾಲ್ಕು ಗಂಟೆ ಅಂಟಿಸಿಕೊಂಡು ಉಳಿದ ಹತ್ತು ಹನ್ನೆರಡು ಗಂಟೆ ತೆಗೆದಿಡುವುದು. ಅಂದರೆ ಯಾವ ಏರಿಳಿತವನ್ನು ನೀಗಿಸುವುದಕ್ಕಾಗಿ ಪ್ಯಾಚು ಹುಟ್ಟಿತೋ ಆ ಏರಿಳಿತವನ್ನೇ ಕೈಯಾರೆ ಮರಳಿ ತರಬೇಕಾಯಿತು.

ಇದರಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಸಿಡಿಮದ್ದಿನ ಕಾರ್ಖಾನೆಗಳ ಕೆಲಸಗಾರರಿಗೆ ಈ ದ್ರವ್ಯ ಚರ್ಮದಿಂದಲೂ ಉಸಿರಿನಿಂದಲೂ ಒಳಸೇರಿ ತಲೆನೋವು ತರುತ್ತಿತ್ತು. ಕೆಲಸ ಮುಂದುವರಿದಂತೆ ನೋವು ತಾನಾಗಿ ಮಾಯವಾಗುತ್ತಿತ್ತು. ವಾರದ ಬಿಡುವಿನ ಅನಂತರ ಸೋಮವಾರ ಮತ್ತೆ ತಲೆದೋರುತ್ತಿತ್ತು. ಇದು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೇ ವೈದ್ಯರಿಗೆ ತಿಳಿದಿದ್ದ ವಿಷಯ. ದೇಹ ಈ ಔಷಧಕ್ಕೆ ಒಗ್ಗುತ್ತದೆ, ಬಿಡುವು ಕೊಟ್ಟರೆ ಆ ಒಗ್ಗುವಿಕೆ ಹೋಗುತ್ತದೆ ಎಂಬ ಎರಡು ಸತ್ಯಗಳೂ ಕೆಲಸಗಾರರ ತಲೆನೋವಿನಲ್ಲಿಯೇ ಬರೆದಿದ್ದವು. ತಯಾರಕರು ರಕ್ತದಲ್ಲಿನ ಮಟ್ಟದ ರೇಖೆಯನ್ನು ಅಳೆದರು, ರೋಗಿಯ ಗುಣವನ್ನು ಅಷ್ಟು ಎಚ್ಚರದಿಂದ ಅಳೆಯಲಿಲ್ಲ. ರೇಖೆ ಚಪ್ಪಟೆಯಾದುದನ್ನೇ ಸಿದ್ಧಿಯೆಂದು ಬಗೆದದ್ದು ಸಾಧನವನ್ನು ಸಾಧ್ಯವೆಂದು ಭಾವಿಸಿದ ಪ್ರಮಾದ.

ನಿಕೋಟಿನ್ನಿನ ವಿಷಯದಲ್ಲಿ ಹೊಲದ ಅನುಭವ ವ್ಯರ್ಥವಾಗಲಿಲ್ಲ. ಒದ್ದೆಯಾದ ತಂಬಾಕಿನ ಎಲೆಗಳನ್ನು ಕೊಯ್ಯುವವರಿಗೆ ಓಕರಿಕೆ, ತಲೆಸುತ್ತು ಬರುವುದುಂಟು. ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಸೇರುವುದೇ ಅದಕ್ಕೆ ಕಾರಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಮರೆ ಜಾರ್ವಿಕ್ ಮತ್ತು ಜೆಡ್ ರೋಸ್ ಈ ಸುಳಿವನ್ನು ಹಿಡಿದು, ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿ, ನಿಕೋಟಿನ್ ಪ್ಯಾಚಿಗೆ ದಾರಿಮಾಡಿದರು. ೧೯೯೧ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ತಂಬಾಕು ಬೆಳೆಯುವ ನಮ್ಮ ರೈತರಿಗೆ ಈ ವಿಷಯ ಪರಕೀಯವಲ್ಲ. ಚಟ ಬಿಡಿಸುವ ಪ್ಯಾಚು ಮತ್ತು ಕೊಯ್ಲಿನ ಕಾಯಿಲೆ ಒಂದೇ ತತ್ತ್ವದ ಎರಡು ಮುಖಗಳು. ಇಲ್ಲಿ ಸ್ಥಿರವಾದ ಮಟ್ಟ ನಿಜಕ್ಕೂ ಉಪಕಾರಿ. ಚಟವನ್ನು ಬೆಳೆಸುವುದು ಹೊಗೆಯ ಪ್ರತಿಯೊಂದು ಸೇದಿನಲ್ಲಿ ಮಿದುಳಿಗೆ ಥಟ್ಟನೆ ಏರುವ ನಿಕೋಟಿನ್. ಪ್ಯಾಚು ಆ ಏರಿಕೆಯನ್ನು ಕೊಡದೆ ಕೊರತೆಯನ್ನು ಮಾತ್ರ ತುಂಬುತ್ತದೆ. ಆದರೂ ಹಠಾತ್ತಾಗಿ ಬರುವ ಚಪಲವನ್ನು ಅದೊಂದೇ ತಡೆಯಲಾರದು. ಪ್ಯಾಚಿನ ಜೊತೆಗೆ ನಿಕೋಟಿನ್ನಿನ ಜಗಿಯುವ ಗುಳಿಗೆಯಂಥ ಶೀಘ್ರಸಾಧನವನ್ನೂ ಬಳಸಿದವರು ಹೆಚ್ಚು ಸಂಖ್ಯೆಯಲ್ಲಿ ಚಟ ಬಿಡುತ್ತಾರೆಂದು ಅನೇಕ ಪರೀಕ್ಷೆಗಳು ಒಟ್ಟಾಗಿ ತೋರಿಸಿವೆ. ಇಲ್ಲಿ ಬಾಯಿ ಮತ್ತು ಚರ್ಮ ಪ್ರತಿಸ್ಪರ್ಧಿಗಳಲ್ಲ, ಸಹಕಾರಿಗಳು.

೪

ಎರಡನೆಯ ಮಾತು ಯಕೃತ್ತಿಗೆ ಸಂಬಂಧಿಸಿದ್ದು. ನುಂಗಿದ ಔಷಧ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ಸುಂಕ ತೆತ್ತು ಮುಂದೆ ಸಾಗುತ್ತದೆ. ಚರ್ಮದಿಂದ ಸೇರಿದ್ದು ಈ ಸುಂಕದ ಕಟ್ಟೆಯನ್ನು ಬಳಸಿಕೊಂಡು ಹೋಗುತ್ತದೆ. ಇದರ ಫಲವೇನೆಂಬುದನ್ನು ಸ್ತ್ರೀ ಹಾರ್ಮೋನುಗಳ ಎರಡು ಪ್ಯಾಚುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ.

ಮುಟ್ಟು ನಿಂತ ಮೇಲಿನ ತೊಂದರೆಗಳಿಗೆ ಕೊಡುವ ಎಸ್ಟ್ರಡಯಾಲ್ ದೇಹದಲ್ಲಿ ಸಹಜವಾಗಿಯೇ ಇರುವ ಹಾರ್ಮೋನು. ಎಸ್ಟ್ರೊಜನ್ನನ್ನು ನುಂಗಿದಾಗ ಯಕೃತ್ತಿನ ಮೇಲೆ ಒಮ್ಮೆಗೇ ಅಧಿಕ ಭಾರ ಬಿದ್ದು ರಕ್ತ ಹೆಪ್ಪುಗಟ್ಟಿಸುವ ದ್ರವ್ಯಗಳಲ್ಲಿ ವ್ಯತ್ಯಾಸವಾಗುತ್ತದೆ. ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಚರ್ಮದ ಮೂಲಕ ಎಸ್ಟ್ರಡಯಾಲ್ ಪಡೆದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲವೆಂದು ೨೦೦೩ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೂ ಅನಂತರದ ಇತರ ಅಧ್ಯಯನಗಳೂ ತಿಳಿಸಿವೆ. ಇವು ಚೀಟಿಯೆತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗಗಳಲ್ಲ, ನಡೆದುದನ್ನು ನೋಡಿ ಲೆಕ್ಕಹಾಕಿದ ಅವಲೋಕನಗಳು. ಆದರೂ ಅವುಗಳ ಒಮ್ಮತಕ್ಕೆ ಬೆಲೆಯುಂಟು.

ಈ ಗೆಲವನ್ನು ಕಂಡು ಗರ್ಭನಿರೋಧಕ ಪ್ಯಾಚೂ ಅಷ್ಟೇ ನಿರಪಾಯವೆಂದು ಊಹಿಸುವುದು ಸುಲಭ. ೨೦೦೧ರಲ್ಲಿ ಅನುಮತಿ ಪಡೆದ ಆ ಪ್ಯಾಚಿನಲ್ಲಿದ್ದುದು ಎಥಿನೈಲ್ ಎಸ್ಟ್ರಡಯಾಲ್ ಎಂಬ ಕೃತಕ ಹಾರ್ಮೋನು. ಅದು ಯಕೃತ್ತಿನಲ್ಲಿ ಸುಲಭವಾಗಿ ಕೆಡದಂತೆ ರಚಿತವಾದದ್ದು. ಯಾವ ದಾರಿಯಿಂದ ಒಳಬಂದರೂ ರಕ್ತದೊಡನೆ ಸುತ್ತಿಸುತ್ತಿ ಯಕೃತ್ತನ್ನು ಸೇರಿ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ೨೦೦೫ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಕೆಯೊಂದನ್ನು ಹೊರಡಿಸಿತು: ೩೫ ಮೈಕ್ರೊಗ್ರಾಮಿನ ಗುಳಿಗೆ ನುಂಗುವವರಿಗಿಂತ ಪ್ಯಾಚು ಧರಿಸುವವರ ದೇಹಕ್ಕೆ ಒಟ್ಟು ಸುಮಾರು ಶೇಕಡಾ ೬೦ರಷ್ಟು ಹೆಚ್ಚು ಎಸ್ಟ್ರೊಜನ್ ಸೇರುತ್ತದೆ. ವಿಶೇಷವೇನೆಂದರೆ ರಕ್ತದಲ್ಲಿನ ಶಿಖರಮಟ್ಟ ಗುಳಿಗೆಯವರಿಗಿಂತ ಸುಮಾರು ಶೇಕಡಾ ೨೫ರಷ್ಟು ಕಡಮೆಯೇ ಇದ್ದಿತು. ಶಿಖರ ತಗ್ಗಿದರೂ ತಗ್ಗು ತುಂಬಿದ್ದರಿಂದ ಮೊತ್ತ ಹೆಚ್ಚಾಯಿತು. ಒಂದೇ ದಾರಿ, ಒಂದೇ ಕುಲದ ಎರಡು ಹಾರ್ಮೋನುಗಳು. ಫಲ ಮಾತ್ರ ಬೇರೆ ಬೇರೆ. ಆದಕಾರಣ ಗುಣವನ್ನು ದಾರಿಗೆ ಆರೋಪಿಸುವುದು ಸರಿಯಲ್ಲ. ಅದು ದಾರಿ ಮತ್ತು ದಾರಿಹೋಕ ಇಬ್ಬರ ಸಂಬಂಧದಿಂದ ಹುಟ್ಟುವಂಥದು.

೫

ಮೂರನೆಯ ಮಾತು ಎಲ್ಲಕ್ಕಿಂತ ಹೆಚ್ಚು ಅಪಾಯಕರವಾದದ್ದು. ಹೊರಗೆ ಅಂಟಿಸಿದ್ದು ಹೊರಗೇ ಇದೆ ಎಂಬ ಭಾವನೆಗೆ ಫೆಂಟನಿಲ್ ಪ್ಯಾಚು ಕಠಿಣವಾದ ಉತ್ತರ ಕೊಟ್ಟಿದೆ. ಮಾರ್ಫಿನ್ನಿಗಿಂತ ಹಲವು ಪಟ್ಟು ಬಲವಾದ ಈ ನೋವುನಿವಾರಕದ ಪ್ಯಾಚು ೧೯೯೦ರಲ್ಲಿ ಬಂದಿತು. ಒಂದು ಸಲ ಅಂಟಿಸಿದರೆ ೭೨ ಗಂಟೆ. ನುಂಗಲಾರದ ಕ್ಯಾನ್ಸರ್ ರೋಗಿಗಳಿಗೆ ಇದು ದೊಡ್ಡ ಉಪಕಾರವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಿತ್ತುಹಾಕಿದೊಡನೆ ಔಷಧ ನಿಲ್ಲುವುದಿಲ್ಲ. ಚರ್ಮದಲ್ಲಿಯೇ ಸಂಗ್ರಹವಾದದ್ದು ಒಳಗೆ ಇಳಿಯುತ್ತಲೇ ಇರುತ್ತದೆ. ರಕ್ತದಲ್ಲಿನ ಮಟ್ಟ ಅರ್ಧಕ್ಕೆ ಇಳಿಯಲು ಇಪ್ಪತ್ತು ಗಂಟೆಗಳಿಗೂ ಹೆಚ್ಚು ಕಾಲ ಬೇಕಾಗಬಹುದು. ಮೈ ಕಾವೇರಿದರೆ ಒಳಸೇರುವ ವೇಗವೂ ಏರುತ್ತದೆ. ಜ್ವರದಿಂದ ಚರ್ಮದ ಉಷ್ಣತೆ ೪೦ ಡಿಗ್ರಿಗೆ ಏರಿದರೆ ರಕ್ತದಲ್ಲಿನ ಮಟ್ಟ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚಬಹುದೆಂದು ಲೆಕ್ಕಹಾಕಿದ್ದಾರೆ. ನೋವಿರುವ ಕಡೆ ಬಿಸಿನೀರಿನ ಚೀಲವಿಟ್ಟು ಶಾಖ ಕೊಡುವುದು ನಮ್ಮಲ್ಲಿ ಮನೆಮನೆಯ ರೂಢಿ. ಪ್ಯಾಚಿನ ಮೇಲೆ ಅದು ಪ್ರಾಣಾಪಾಯಕ್ಕೆ ದಾರಿಯಾಗಬಹುದು.

ಬಳಸಿ ತೆಗೆದ ಪ್ಯಾಚಿನಲ್ಲಿಯೂ ಔಷಧದ ಗಣನೀಯ ಭಾಗ ಉಳಿದಿರುತ್ತದೆ. ಗಂಟೆಗಂಟೆಗೆ ಸಮನಾಗಿ ಒಸರಬೇಕಾದರೆ ಒಳಗೆ ಅಗತ್ಯಕ್ಕಿಂತ ಹೆಚ್ಚು ತುಂಬಿರಲೇಬೇಕು. ಇದು ವಿಸರಣ ನಿಯಮದ ನೇರ ಪರಿಣಾಮ. ಈ ಶೇಷವೇ ಮಕ್ಕಳಿಗೆ ಮೃತ್ಯುವಾಯಿತು. ಹಿಂದಿನ ಹದಿನೈದು ವರ್ಷಗಳಲ್ಲಿ ಮಕ್ಕಳು ಆಕಸ್ಮಿಕವಾಗಿ ಫೆಂಟನಿಲ್ ಪ್ಯಾಚಿನ ಸಂಪರ್ಕಕ್ಕೆ ಬಂದ ೨೬ ಪ್ರಸಂಗಗಳನ್ನು ಮೇಲೆ ಹೇಳಿದ ಆಡಳಿತವೇ ೨೦೧೨ರಲ್ಲಿ ಪರಿಶೀಲಿಸಿತು. ಅವರಲ್ಲಿ ಹತ್ತು ಮಂದಿ ಸತ್ತಿದ್ದರು. ಹದಿನಾರು ಮಂದಿ ಎರಡು ವರ್ಷ ಅಥವಾ ಅದಕ್ಕೂ ಕಡಮೆ ವಯಸ್ಸಿನವರು. ಕಸದಲ್ಲಿ ಬಿದ್ದುದನ್ನು ಬಾಯಿಗಿಡುವುದು, ಹಿರಿಯರ ಮೈಯಿಂದ ಕಳಚಿದ್ದು ಮಗುವಿನ ಮೈಗೆ ಅಂಟುವುದು ಇಂಥ ಅನಾಹುತಗಳ ಬಗೆ. ಗುಳಿಗೆ ನುಂಗಿದ ಮೇಲೆ ಮುಗಿಯಿತು. ಪ್ಯಾಚು ಬಳಸಿದ ಮೇಲೂ ಔಷಧವಾಗಿಯೇ ಉಳಿಯುತ್ತದೆ.

ಇಲ್ಲಿ ಹೆಸರಿನ ಪ್ರಶ್ನೆ ಬರುತ್ತದೆ. ಈ ವಸ್ತುವಿಗೆ ಕನ್ನಡದಲ್ಲಿ ಏನೆನ್ನಬೇಕು? ‘ಔಷಧಪಟ್ಟಿ’ ಎಂದರೆ ಔಷಧಗಳ ಯಾದಿ ಎಂದೇ ಯಾರಾದರೂ ತಿಳಿಯುತ್ತಾರೆ. ‘ಚರ್ಮಪಟ್ಟಿ’ ಎಂದರೆ ಸೊಂಟಕ್ಕೆ ಕಟ್ಟುವ ತೊಗಲಿನ ಪಟ್ಟಿ. ಬರಿಯ ‘ಪಟ್ಟಿ’ ಗಾಯಕ್ಕೆ ಕಟ್ಟುವ ಬಟ್ಟೆಯನ್ನು ನೆನಪಿಗೆ ತರುತ್ತದೆ. ‘ಪಟ್ಟು’ ಎಂದರೆ ತಲೆನೋವಿಗೆ ಹಣೆಗೆ ಹಾಕುವ ಶುಂಠಿಯ ಗಂಧ. ‘ತೇಪೆ’ ಹರಿದ ಬಟ್ಟೆಗೆ ಹಚ್ಚುವಂಥದು. ಇವುಗಳಲ್ಲಿ ಕೊನೆಯ ಮೂರೂ ಒಳ್ಳೆಯ ಕನ್ನಡ ಮಾತುಗಳೇ; ದೋಷವೇನೆಂದರೆ ಅವು ಅಭಯ ಕೊಡುತ್ತವೆ. ಪಟ್ಟಿಯ ಮೇಲೊಂದು ಪಟ್ಟಿ ಕಟ್ಟಿದರೆ ತಪ್ಪಿಲ್ಲ, ಪಟ್ಟು ಒಣಗಿದರೆ ಇನ್ನೊಂದು ಹಾಕಬಹುದು, ತೇಪೆಯನ್ನು ಬೇಕಾದಷ್ಟಕ್ಕೆ ಕತ್ತರಿಸಬಹುದು. ಪ್ಯಾಚಿನ ವಿಷಯದಲ್ಲಿ ಈ ಮೂರೂ ಅನರ್ಥಕಾರಿ. ಮರೆವಿನ ರೋಗದ ಪ್ಯಾಚನ್ನು ಹಳೆಯದನ್ನು ತೆಗೆಯದೆಯೇ ಹೊಸದಾಗಿ ಅಂಟಿಸುತ್ತ ಹೋದುದರಿಂದ ಪ್ರಮಾಣ ಮಿತಿಮೀರಿದ ಪ್ರಸಂಗಗಳು ವರದಿಯಾಗಿವೆ. ಕೆಲವು ಸಾವಿನಲ್ಲಿ ಮುಗಿದಿವೆ. ದ್ರವವನ್ನು ಕೋಶದಲ್ಲಿ ತುಂಬಿದ ಮಾದರಿಯ ಪ್ಯಾಚನ್ನು, ಗುಳಿಗೆಯನ್ನು ಅರ್ಧ ಮಾಡುವಂತೆ ಕತ್ತರಿಸಿದರೆ, ದಿನಗಟ್ಟಲೆ ಒಸರಬೇಕಾದುದು ಒಮ್ಮೆಗೇ ಸುರಿದುಹೋಗುತ್ತದೆ. ಪರಕೀಯವಾದ ‘ಪ್ಯಾಚು’ ಎಂಬ ಶಬ್ದ ಕಿವಿಗೆ ಇಂಪಲ್ಲದಿದ್ದರೂ ಸುಳ್ಳು ಭರವಸೆಯನ್ನಂತೂ ಕೊಡುವುದಿಲ್ಲ. ಪರಿಭಾಷೆಯ ಶುದ್ಧಿಗಿಂತ ರೋಗಿಯ ಕ್ಷೇಮ ದೊಡ್ಡದೆಂಬ ಕಾರಣದಿಂದ ಇಲ್ಲಿ ಅದನ್ನೇ ಉಳಿಸಿಕೊಳ್ಳಲಾಗಿದೆ.

೬

ಹಾಗಾದರೆ ಪ್ಯಾಚು ತನ್ನ ಮಾತನ್ನು ಎಲ್ಲಿ ಉಳಿಸಿಕೊಂಡಿದೆ? ೧೯೭೯ರ ಮೊದಲನೆಯ ಪ್ಯಾಚೇ ಒಳ್ಳೆಯ ನಿದರ್ಶನ. ಅಲೆಹಾಂಡ್ರೊ ಜಫಾರೋನಿ ೧೯೬೮ರಲ್ಲಿ ಸ್ಥಾಪಿಸಿದ ಆಲ್ಜಾ ಎಂಬ ಸಂಸ್ಥೆ ರೂಪಿಸಿದ ಅದರಲ್ಲಿದ್ದುದು ಸ್ಕೋಪೋಲಮಿನ್. ಉದ್ದೇಶ ಪ್ರಯಾಣದಲ್ಲಿ ಬರುವ ವಾಂತಿಯ ತಡೆ. ವಾಂತಿ ಮಾಡುವವನಿಗೆ ಗುಳಿಗೆ ನಿಲ್ಲದು. ಹೆಚ್ಚಾಗಿ ಏರಿದರೆ ಈ ಔಷಧ ಬುದ್ಧಿಯನ್ನು ಮಂಕುಮಾಡುತ್ತದೆ. ಮೂರು ದಿನಗಳಲ್ಲಿ ಒಟ್ಟು ಸುಮಾರು ಒಂದು ಮಿಲಿಗ್ರಾಮನ್ನು ಮಾತ್ರ ಒಸರಿಸಿ, ಉಪಯೋಗಕ್ಕೂ ಉಪದ್ರವಕ್ಕೂ ನಡುವಣ ಕಿರಿದಾದ ಜಾಗದಲ್ಲಿ ಅದನ್ನು ನಿಲ್ಲಿಸಲಾಯಿತು. ಅಂಟಿಸುವುದು ಕಿವಿಯ ಹಿಂದೆ. ಔಷಧವನ್ನು ಚೆನ್ನಾಗಿ ಬಿಟ್ಟುಕೊಳ್ಳುವ ಚರ್ಮ ಅಲ್ಲಿಯದು. ಚರ್ಮ ಎಲ್ಲ ಕಡೆಯೂ ಒಂದೇ ಅಲ್ಲವೆಂಬುದನ್ನು ಫೆಲ್ಡ್‌ಮನ್ ಮತ್ತು ಮೈಬಾಕ್ ೧೯೬೭ರಲ್ಲಿಯೇ ತೋರಿಸಿದ್ದರು. ಮುಂಗೈಗಿಂತ ಹಣೆ ಆರು ಪಟ್ಟು ಹೈಡ್ರೊಕಾರ್ಟಿಸೋನನ್ನು ಹೀರುತ್ತದೆ, ಅಂಗಾಲು ಏಳರಲ್ಲೊಂದು ಪಾಲನ್ನು ಮಾತ್ರ.

ಇನ್ನೊಂದು ನಿದರ್ಶನ ಆಲ್ಜೈಮರ್ ರೋಗಕ್ಕೆ ಕೊಡುವ ರಿವಾಸ್ಟಿಗ್ಮಿನ್. ೧,೧೯೫ ರೋಗಿಗಳ ಮೇಲೆ ನಡೆದು ೨೦೦೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ೯.೫ ಮಿಲಿಗ್ರಾಂ ಒದಗಿಸುವ ಪ್ಯಾಚು ಮತ್ತು ದಿನಕ್ಕೆ ೧೨ ಮಿಲಿಗ್ರಾಮಿನ ಕ್ಯಾಪ್ಸೂಲು ಸರಿಸುಮಾರು ಒಂದೇ ಗುಣ ಕೊಟ್ಟವು. ಓಕರಿಕೆ ಮಾತ್ರ ಕ್ಯಾಪ್ಸೂಲಿನವರಲ್ಲಿ ಶೇಕಡಾ ೨೩.೧, ಪ್ಯಾಚಿನವರಲ್ಲಿ ೭.೨. ಜಠರವನ್ನು ಮುಟ್ಟದೆ ಇದ್ದುದೇ ಇದಕ್ಕೆ ಕಾರಣವೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಅದೇ ಪ್ರಯೋಗದಲ್ಲಿ ಹೆಚ್ಚುಕಡಮೆ ಇಮ್ಮಡಿ ಬಲದ ಪ್ಯಾಚು ಧರಿಸಿದವರಲ್ಲಿ ಓಕರಿಕೆ ಶೇಕಡಾ ೨೧ರಷ್ಟಿದ್ದಿತು. ಉಪದ್ರವದ ಮೂಲ ಮಿದುಳಿನ ಮೇಲಿನ ಪರಿಣಾಮದಲ್ಲಿದ್ದುದರಿಂದ ಪ್ರಮಾಣ ಏರಿದೊಡನೆ ಅದೂ ಏರಿತು. ಪ್ಯಾಚಿನ ಗೆಲವು ನಿಜ. ಅದಕ್ಕೆ ಕೊಡುವ ಕಾರಣ ಮಾತ್ರ ಅನೇಕ ವೇಳೆ ತಪ್ಪು.

ಸೂಕ್ಷ್ಮಸೂಜಿಗಳ ಪ್ಯಾಚನ್ನು ಕುರಿತು ಒಂದು ಮಾತು. ೧೯೭೬ರಲ್ಲಿ ಪೇಟೆಂಟಿನ ರೂಪದಲ್ಲಿ ಕಾಣಿಸಿಕೊಂಡು, ೧೯೯೮ರಲ್ಲಿ ಜಾರ್ಜಿಯ ತಾಂತ್ರಿಕ ಸಂಸ್ಥೆಯ ಪ್ರಾಸ್ನಿಟ್ಸ್ ಮತ್ತು ಸಂಗಡಿಗರ ಪ್ರಯೋಗದಿಂದ ಬಲಗೊಂಡ ಈ ಕಲ್ಪನೆ, ಗ್ಯಾಂಬಿಯದ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕಿ ನಡೆಸಿದ, ೨೦೨೪ರಲ್ಲಿ ಪ್ರಕಟವಾದ ಪರೀಕ್ಷೆಯವರೆಗೆ ಬಂದಿದೆ. ಅದು ಆಶಾದಾಯಕ. ಆದರೆ ಅದು ಗೋಡೆಯನ್ನು ನುಸುಳುವ ವಿಧಾನವಲ್ಲ, ಗೋಡೆಯಲ್ಲಿ ಕಿರುರಂಧ್ರ ಕೊರೆಯುವ ವಿಧಾನ. ಹೆಸರು ಒಂದೇ ಆದ ಮಾತ್ರಕ್ಕೆ ಅದರ ಭವಿಷ್ಯವನ್ನು ಇದರ ಖಾತೆಗೆ ಜಮಾ ಮಾಡಬಾರದು.

ಒಟ್ಟಿನಲ್ಲಿ, ಪ್ಯಾಚು ಗುಳಿಗೆಯ ಉತ್ತರಾಧಿಕಾರಿಯಲ್ಲ. ಕೆಲವು ಔಷಧಗಳಿಗೆ ಮಾತ್ರ ಒಪ್ಪುವ ಬೇರೊಂದು ಮಾರ್ಗ. ಯಾವ ಪ್ಯಾಚನ್ನಾದರೂ ಹೊಗಳುವ ಮುನ್ನ ಕೇಳಬೇಕಾದುವು ಇವು: ಈ ರೋಗಕ್ಕೆ ಔಷಧ ಎಡೆಬಿಡದೆ ಬೇಕೇ, ಬಿಡುವಿನೊಡನೆ ಬೇಕೇ? ಯಕೃತ್ತನ್ನು ತಪ್ಪಿಸುವುದರಿಂದ ಈ ಔಷಧದ ನಡತೆಯಲ್ಲಿ ನಿಜವಾಗಿ ಏನು ಬದಲಾಗುತ್ತದೆ? ತೆಗೆದ ಮೇಲೆ ಚರ್ಮದಲ್ಲಿಯೂ ಪ್ಯಾಚಿನಲ್ಲಿಯೂ ಎಷ್ಟು ಉಳಿಯುತ್ತದೆ, ಅದು ಯಾರ ಕೈಗೆ ಸಿಗುತ್ತದೆ? ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಪಾಠ ಹೇಳುವಾಗ ರಕ್ತದಲ್ಲಿನ ಮಟ್ಟದ ಚಪ್ಪಟೆ ರೇಖೆಯನ್ನು ಹಲಗೆಯ ಮೇಲೆ ಬರೆದು ಮುಗಿಸಿಬಿಡುವುದು ವಾಡಿಕೆ. ಅದರ ಪಕ್ಕದಲ್ಲಿ ಸಿಡಿಮದ್ದಿನ ಕೆಲಸಗಾರನ ಸೋಮವಾರದ ತಲೆನೋವನ್ನೂ ಹೇಳಿದರೆ ಪಾಠ ಪೂರ್ಣವಾದೀತು.